ಹೆಸರು ಹೇಳಲೇಬೇಕಾ? ಮನೆ ಗುಂಪಿನಲ್ಲಿ ನಿನ್ನೆ ರಾತ್ರಿ

ದೊಡ್ಡಪ್ಪ: (ಫಾರ್ವರ್ಡ್: ಅನಾಮಧೇಯ ಖಾತೆಗಳನ್ನೆಲ್ಲ ಮುಚ್ಚಿಸಬೇಕು ಎನ್ನುವ ಲೇಖನ)

ದೊಡ್ಡಪ್ಪ: ಎಲ್ಲರೂ ಓದಿ. ಹೆಸರು ಹೇಳೋಕೆ ಧೈರ್ಯ ಇಲ್ಲದವರು ಬಾಯಿ ಬಿಡಬಾರದು. ಗುರುತಿನ ಚೀಟಿ ತೋರಿಸಿದವರಿಗೆ ಮಾತ್ರ ಖಾತೆ ಕೊಡಲಿ, ಬೈಗುಳ ತಾನಾಗಿ ನಿಲ್ಲುತ್ತೆ.

ಅಕ್ಕ: ದಕ್ಷಿಣ ಕೊರಿಯಾ ಇದನ್ನ ಮಾಡಿ ನೋಡಿದೆ ದೊಡ್ಡಪ್ಪ. 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯೋಕೆ ನಿಜವಾದ ಗುರುತು ಕಡ್ಡಾಯ ಆಯ್ತು. ಬೈಗುಳ ನಿಲ್ಲಲಿಲ್ಲ. 2011ರಲ್ಲಿ ಒಂದೇ ಕನ್ನಕ್ಕೆ ಸುಮಾರು 3.5 ಕೋಟಿ ಬಳಕೆದಾರರ ವಿವರ ಕಳ್ಳರ ಪಾಲಾಯ್ತು. 2012ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಯಮವನ್ನೇ ಒಮ್ಮತದಿಂದ ರದ್ದು ಮಾಡಿತು.

ಚಿಕ್ಕಪ್ಪ: ಅಣ್ಣ ಹೇಳೋದರಲ್ಲಿ ತಪ್ಪೇನಿದೆ? ಫೋರ್‌ಚಾನ್ ಅನ್ನೋ ಜಾಲತಾಣ ನೋಡು. 2003ರಲ್ಲಿ 15 ವರ್ಷದ ಹುಡುಗ ಶುರು ಮಾಡಿದ್ದು. ಖಾತೆ ಬೇಡ, ಹೆಸರು ಬೇಡ, ಎಲ್ಲರೂ ‘ಅನಾನಿಮಸ್’. ಅಲ್ಲಿಂದ ಹೊರಟ ಕಿರುಕುಳಕ್ಕೆ ಲೆಕ್ಕ ಇದೆಯಾ?

ಅಕ್ಕ: ಇಲ್ಲ, ಒಪ್ಪಿದೆ. ಆದ್ರೆ ಜನ ಯಾಕೆ ಹೋದ್ರು ಅಂತಾನೂ ಯೋಚಿಸಿ. ಅಲ್ಲಿ ನಿಮ್ಮ ವಯಸ್ಸು, ಕೆಲಸ, ನಿನ್ನೆ ಆಡಿದ ಮಾತು ಯಾವುದೂ ಬೆನ್ನು ಹತ್ತಲ್ಲ. ಉತ್ತರ ಬಂದ ಬರಹ ಮೇಲೇರುತ್ತೆ, ಯಾರೂ ಮುಟ್ಟದ್ದು ಕೆಳಗೆ ಜಾರಿ ಅಳಿಸಿಹೋಗುತ್ತೆ. ಅದೇ ಏರ್ಪಾಡು ಮೀಮ್‌ಗಳನ್ನೂ ಬೆಳೆಸಿತು, ಬೆಚ್ಚಿ ಬೀಳಿಸೋ ಮಾತನ್ನೂ ಬೆಳೆಸಿತು. ಹೆಸರಿಲ್ಲದ್ದಕ್ಕಿಂತ ಆ ಏರ್ಪಾಡಿನ ಪಾಲೇ ದೊಡ್ಡದು ಅನ್ನೋದು ನನ್ನ ವಾದ.

ತಮ್ಮ: ಚರ್ಚೆಯ ಜಾಲತಾಣ ರೆಡಿಟ್‌ನಲ್ಲೂ ಹೆಸರು ಬೇಡ. ಆದ್ರೆ ಅಲ್ಲಿ ಇತಿಹಾಸದ ಪ್ರಶ್ನೆಗಳಿಗೆ ಉತ್ತರ ಕೊಡೋ ಆಸ್ಕ್‌ಹಿಸ್ಟೋರಿಯನ್ಸ್ ಗುಂಪಲ್ಲಿ ಆಧಾರ ಇಲ್ಲದೆ ಎರಡು ಸಾಲು ಗೀಚಿದ್ರೆ ತೆಗೆದುಬಿಡ್ತಾರೆ. ಉಳಿದ ಒಂದು ಉತ್ತರಕ್ಕೇ ನಾನು ನಿದ್ದೆ ಕೆಟ್ಟಿದ್ದೀನಿ.

ಚಿಕ್ಕಪ್ಪ: ತೆಗೆಯೋರಿಗೂ ಹೆಸರಿಲ್ಲ ತಾನೆ! ನನ್ನ ಮಾತು ಇರಬೇಕೋ ಬೇಡವೋ ಅನ್ನೋಕೆ ಅವರ್ಯಾರು? ಇಲ್ಲಿ ಓಡಿಸಿದ್ರೆ ಇನ್ನೊಂದು ಕಡೆ ಕೂತು ಬೈತಾರೆ.

ತಮ್ಮ: 2015ರಲ್ಲಿ ರೆಡಿಟ್ ದ್ವೇಷದ ಕೆಲವು ಗುಂಪುಗಳನ್ನ ಮುಚ್ಚಿತು. ಅದನ್ನ ಅಭ್ಯಾಸ ಮಾಡಿದವರು 2017ರಲ್ಲಿ ಬರೆದಿದ್ದಾರೆ: ಎಷ್ಟೋ ಜನ ಬಿಟ್ಟು ಹೋದ್ರು, ಉಳಿದವರ ದ್ವೇಷದ ಮಾತು ಕನಿಷ್ಠ ಶೇ. 80ರಷ್ಟು ಇಳಿಯಿತು. ಹೋದವರು ಬೇರೆ ಕಡೆ ಬೈದಿರಬಹುದು, ಅದು ನಿಜ ಚಿಕ್ಕಪ್ಪ.

ಅಕ್ಕ: ಅವರ್ಯಾರು ಅಂದ್ರಲ್ಲ ಚಿಕ್ಕಪ್ಪ, ನಾನೇ ಅಂಥವಳು. ಎರಡು ವರ್ಷದಿಂದ, ಆಪ್ತರನ್ನ ಕಳಕೊಂಡವರ ಗುಂಪೊಂದಕ್ಕೆ ಮಾಡರೇಟರ್. ಸಂಬಳ ಇಲ್ಲ. ಒಂದ್ಸಲ ಯಾರೋ ತಮ್ಮದೇ ತೀರಿಹೋದ ಅಪ್ಪನನ್ನ ಬಾಯಿಗೆ ಬಂದ ಹಾಗೆ ಬೈದು ಬರೆದಿದ್ರು. ಬೈಗುಳ ಅಂತ ಅಳಿಸಿದೆ. ಅದು ದುಃಖ ಅಂತ ಮರುದಿನ ಅರ್ಥ ಆಯ್ತು. ಅವರು ಮತ್ತೆ ಬರಲಿಲ್ಲ.

ದೊಡ್ಡಪ್ಪ: ನೋಡು ಮತ್ತೆ. ಹೆಸರಿದ್ದಿದ್ರೆ ಹುಡುಕಬಹುದಿತ್ತು.

ಅಕ್ಕ: ಹೆಸರು ಕೇಳಿದ್ರೆ ಅವರು ಅದನ್ನ ಬರೀತಾನೇ ಇರಲಿಲ್ಲ.

ಅತ್ತಿಗೆ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಪ್ಪ: ಏನಮ್ಮ ಅದು?

ಅತ್ತಿಗೆ: ಮತ್ತೆ ಬರೀತೀನಿ ಮಾವ. ಮಗು ಹುಟ್ಟಿ ಮೂರು ತಿಂಗಳು ನನಗೆ ಅದನ್ನ ಎತ್ತಿಕೊಳ್ಳೋಕೂ ಮನಸ್ಸು ಬರ್ತಿರಲಿಲ್ಲ. ಈ ಗುಂಪಲ್ಲಿ ಮಾತ್ರ ದಿನಾ ಫೋಟೊ ಹಾಕ್ತಿದ್ದೆ. ನಿಜ ಬರೆದದ್ದು ಹೆಸರಿಲ್ಲದ ಕಡೆ. ‘ಹೆರಿಗೆ ನಂತರದ ಖಿನ್ನತೆ ಇರಬಹುದು, ಡಾಕ್ಟರನ್ನ ನೋಡು’ ಅಂತ ಒಬ್ಬಳು ಹೇಳಿದಳು, ಹೋದೆ. ‘ನೀನು ತಾಯೇ ಅಲ್ಲ’ ಅಂತ ಇನ್ನೊಬ್ಬರು ಬರೆದಿದ್ರು. ಎರಡನೇ ಸಲ ನೋಡೋಷ್ಟರಲ್ಲಿ ಅದು ಇರಲಿಲ್ಲ. ಯಾರು ತೆಗೆದರೋ, ಇವತ್ತಿಗೂ ಗೊತ್ತಿಲ್ಲ.

ದೊಡ್ಡಪ್ಪ: ಆ ಫೋಟೊಗಳಿಗೆಲ್ಲ ಹಾರ್ಟ್ ಹಾಕಿದ್ದೆನಲ್ಲಮ್ಮ ನಾನು. ಒಂದು ಮಾತೂ ಕೇಳಲಿಲ್ಲ.

ಅತ್ತಿಗೆ: ಕೇಳಿದ್ರೂ ಹೇಳ್ತಿರಲಿಲ್ಲ ಮಾವ.

ದೊಡ್ಡಪ್ಪ: (ಅಕ್ಕನ ಸಂದೇಶಕ್ಕೆ ಉತ್ತರ) ಈಗಲೂ ಹಾಗೇ ಒಬ್ಬಳೇ ಕೂತು ಅಳಿಸ್ತೀಯಾ?

ಅಕ್ಕ: ಬೆದರಿಕೆ, ಅವಮಾನ ಆದ್ರೆ ತಕ್ಷಣ. ಸಂಶಯ ಬಂದ್ರೆ ಇಬ್ಬರು ನೋಡಬೇಕು, ಕಾರಣ ಬರೆದು ಕಳಿಸಬೇಕು. ಆ ಘಟನೆ ಆದ್ಮೇಲೆ ಮಾಡಿಕೊಂಡ ನಿಯಮ.

ದೊಡ್ಡಪ್ಪ: ಆದರೂ ಕೊಲೆ ಬೆದರಿಕೆ ಹಾಕೋನ ಹೆಸರು ಯಾರಿಗಾದರೂ ಗೊತ್ತಿರಬೇಕು. ಅದನ್ನ ನಾನು ಬಿಡಲ್ಲ.

ಅಕ್ಕ: ಬಿಡಬೇಡಿ, ನಾಳೆ ಮುಂದುವರಿಸೋಣ. ಹನ್ನೆರಡರಿಂದ ಎರಡರವರೆಗೆ ನನ್ನ ಪಾಳಿ, ಹೋಗ್ತೀನಿ.