ಪದ ಬೇಕು: ಮಾದರಿ ರೈಲಿನ ಆಕ್ಸೆಸರಿ, ಬಸ್, ಪಾಯಿಂಟ್

ಬಳ್ಳಾರಿಯಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಸ್ಟಿಕ್ಕರ್ ಅಂಗಡಿಗೆ ಪದ ಕೊಡಬೇಕು. ಶಾಲೆಯ ವಸ್ತುಪ್ರದರ್ಶನಕ್ಕೆ ಎಚ್‌ಒ ಅಳತೆಯ (1:87, ಅಂದರೆ ನಿಜದ ರೈಲಿನ 87ರಲ್ಲಿ ಒಂದು ಪಾಲು) ಮಾದರಿ ರೈಲು ಕೂಡಿಸುತ್ತಿದ್ದೇವೆ. ರೈಲಿಗೆ 12 ವೋಲ್ಟ್ ಡಿಸಿ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್, ಸಿಗ್ನಲ್, ಗೇಟು, ಸ್ಟೇಷನ್ ದೀಪ ಇವಕ್ಕೆಲ್ಲ ಬೇರೆ ಟ್ರಾನ್ಸ್‌ಫಾರ್ಮರ್, 16 ವೋಲ್ಟ್ ಎಸಿ. ರೈಲಿನ ವೇಗ ತಗ್ಗಿಸಿದಾಗ ದೀಪ ಮಂಕಾಗಬಾರದಲ್ವಾ, ಅದಕ್ಕೆ. ಈ ಎರಡನೇ ಗುಂಪಿಗೆ 'ಆಕ್ಸೆಸರಿ' ಅಂತಾರೆ. ಕನ್ನಡದಲ್ಲಿ ಏನು ಬರೆಸಲಿ? ಇವಕ್ಕೆಲ್ಲ ಕರೆಂಟು ಹಂಚಲು ಮೇಜಿನಡಿ ಉದ್ದಕ್ಕೂ ಎಳೆದ ಜೋಡಿ ತಂತಿಗೆ 'ಬಸ್' ಅಂತಾರೆ. ಹಾಗೇ ಬರೆದರೆ ಮಕ್ಕಳು ಬಸ್ ಎಲ್ಲಿ ಅಂತ ಹುಡುಕುತ್ತಾರೆ. ಒಂದು ಎಚ್ಚರಿಕೆಯೂ ಬೇಕು. ಪಾಯಿಂಟ್ ಮೋಟರಿನಲ್ಲಿ ಎರಡು ಕಾಯಿಲ್ (ತಂತಿ ಸುರುಳಿ). ಗುಂಡಿ ಒತ್ತಿದರೆ ಟಕ್ ಅಂತ ಹಳಿ ಹೊರಳುತ್ತದೆ. ಒತ್ತಿ ಹಿಡಿದೇ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ.

ರಾಯಚೂರಿನಿಂದ:
ಬಸ್ ಅಂದರೆ 'ಆಮ್ನಿಬಸ್'ನ ಬಾಲ. ಲ್ಯಾಟಿನ್‌ನಲ್ಲಿ 'ಎಲ್ಲರಿಗೂ' ಅಂತ ಅರ್ಥ. ರಸ್ತೆಯ ಬಸ್ಸೂ ಕರೆಂಟಿನ ಬಸ್ಸೂ ಅಲ್ಲಿಂದಲೇ ಬಂದವು. ಮೂಲ ಪದ ಉದುರಿ ಚತುರ್ಥಿ ಪ್ರತ್ಯಯ ಮಾತ್ರ ಉಳಿದಿದೆ ನೋಡಿ, ಇಂಥದ್ದು ಅಪರೂಪ! ಆದ್ದರಿಂದ 'ಎಲ್ಲರ ತಂತಿ'.

ಕೊಪ್ಪಳದಿಂದ:
ಎಲ್ಲರ ತಂತಿ ಅಂತ ಬರೆದರೆ ಎಲ್ಲರೂ ಮುಟ್ಟುತ್ತಾರೆ. 'ತಾಯ್ತಂತಿ' ಅನ್ನಿ. ಪಾಯಿಂಟಿಗೆ 'ಕವಲುಹಳಿ', ದೀಪಕ್ಕೆ 'ಸೊಡರು'. ಅಚ್ಚಗನ್ನಡ ಮನೆಯಲ್ಲೇ ಇರುವಾಗ ಸಾಲ ಯಾಕೆ?

ರಾಯಚೂರಿನಿಂದ:
ತಂತಿಯ ಮೂಲವೇ ಸಂಸ್ಕೃತ. ಅದು ಸಾಲ ಅಲ್ವಾ?

ಕೊಪ್ಪಳದಿಂದ:
ತದ್ಭವ ತೀರಿದ ಸಾಲ.

ಸಿಂಧನೂರಿನಿಂದ:
ಪದ ಆಮೇಲೆ ನೋಡೋಣ, ಮೊದಲು ಒಂದು ಕೆಪಾಸಿಟರ್ ಡಿಸ್ಚಾರ್ಜ್ ಯೂನಿಟ್ ಹಾಕಿ. ತುಂಬಿಕೊಂಡ ಕರೆಂಟನ್ನು ಒಂದೇ ಏಟಿಗೆ ಬಿಡುತ್ತದೆ. ಗುಂಡಿ ಹಿಡಿದೇ ಇದ್ದರೂ ಅದು ಮತ್ತೆ ತುಂಬುವುದಿಲ್ಲ, ಕಾಯಿಲ್ ಬದುಕುತ್ತದೆ. ಆಕ್ಸೆಸರಿಗೆ 'ಜೊತೆ ಸಾಮಾನು' ಸಾಕು.

ಕೊಪ್ಪಳದಿಂದ:
ಸಾಮಾನು ಫಾರ್ಸಿ. ಬೇಡವೇ ಬೇಡ.

ಸಿಂಧನೂರಿನಿಂದ:
ಅಲ್ಲ ರೀ, 1948ರ ತನಕ ನಿಮ್ಮೂರೂ ನಮ್ಮೂರೂ ನಿಜಾಮರ ಕೈಕೆಳಗೇ ಇದ್ದವು. ದವಾಖಾನೆ, ಖುರ್ಚಿ, ತಹಸೀಲು ಎಲ್ಲ ನುಂಗಿ ಅರಗಿಸಿಕೊಂಡಿದ್ದೀವಿ. ಸಂತೆಗೆ ಹೋದಾಗ ನೀವು ಏನು ತರುತ್ತೀರಿ, 'ಸಾಮಾನು' ಅಲ್ವಾ? ಬೋರ್ಡಿಗೆ ಬಂದ ಕೂಡಲೇ ಮಡಿ ಯಾಕೆ?

ಕೊಪ್ಪಳದಿಂದ:
ಬಾಯಲ್ಲಿ ಆಡುವುದು ಬೇರೆ, ಬರೆದು ಅಂಟಿಸುವುದು ಬೇರೆ. ಮಕ್ಕಳು ಓದಿ ಕಲಿಯುತ್ತಾರೆ.

ರಾಯಚೂರಿನಿಂದ:
ಸೊಡರು ಅಂತ ಬರೆದರೆ ಮಾಸ್ತರರೂ ಓದಿ ಕಲಿಯಬೇಕಾಗುತ್ತದೆ. ಇರಲಿ, ಆಮ್ನಿಬಸ್ ವಿಚಾರಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಬಳ್ಳಾರಿಯಿಂದ:
ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು, ನಿಜಾಮರ ಜಗಳದಲ್ಲಿ ನಮ್ಮನ್ನು ಎಳೆಯಬೇಡಿ. ಕೆಪಾಸಿಟರ್ ಸಲಹೆ ಒಳ್ಳೆಯದು, ಹಾಕುತ್ತೇವೆ. ಅಂಗಡಿಗೆ ಇಷ್ಟು ಕಳಿಸುತ್ತಿದ್ದೇನೆ: 'ಜೊತೆ ಸಾಮಾನು', 'ತಾಯ್ತಂತಿ', 'ಕವಲುಹಳಿ', 'ಸಿಗ್ನಲ್', 'ಗುಂಡಿ ಒತ್ತಿ, ಕೂಡಲೇ ಬಿಡಿ'.

ಕೊಪ್ಪಳದಿಂದ:
ಸಿಗ್ನಲ್ ಯಾಕೆ? ಕಂಬದ ಮೇಲೆ ಕೈ ಏರಿಳಿಸಿ ಸೂಚನೆ ಕೊಡುವ 'ಕೈಮರ' ಇಲ್ವಾ?

ಬಳ್ಳಾರಿಯಿಂದ:
ನಮ್ಮದು ಕೆಂಪು, ಹಳದಿ, ಹಸಿರು ಎಲ್‌ಇಡಿ. ಅದಕ್ಕೆ ಕೈ ಎಲ್ಲಿದೆ, ಸರ್?