ರಸ್ತೆಬದಿ ನೆರವಿನ ಸಣ್ಣ ಬಿಸಿನೆಸ್: ಮೊದಲು ಟೋಯಿಂಗ್ ಲಾರಿ ತಗೊಳ್ಳಬೇಕಾ, ವ್ಯಾನ್ ಸಾಕಾ?

ಗೇರ್‌ಎಣ್ಣೆ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ದಾರಿಯಲ್ಲಿ ಕೆಟ್ಟು ನಿಂತ ಕಾರುಗಳ ಹತ್ತಿರ ಹೋಗಿ ಸರಿಮಾಡಿಕೊಡುವ ಕೆಲಸವನ್ನು ಸಣ್ಣದಾಗಿ ಶುರು ಮಾಡೋಣ ಅಂತಿದ್ದೇನೆ. ಗ್ಯಾರೇಜ್ ಕೆಲಸ ಬರುತ್ತೆ, ಒಂದು ವ್ಯಾನ್ ಇದೆ, ಜೊತೆಗೆ ಇನ್ನೊಬ್ಬರಿದ್ದಾರೆ. ಹಳೇ ಟೋಯಿಂಗ್ ಲಾರಿಯೊಂದು ಮಾರಾಟಕ್ಕಿದೆ, ಸಾಲ ಮಾಡಿ ತಗೊಳ್ಳಲಾ ಅನ್ನೋದು ಮೊದಲನೇ ಪ್ರಶ್ನೆ. ಬೇಡ ಅಂದರೆ ವ್ಯಾನಿನಲ್ಲಿ ಏನೇನು ಇರಲೇಬೇಕು? 24 ಗಂಟೆ ಸೇವೆ ಅಂತ ಬೋರ್ಡ್ ಹಾಕಬಹುದಾ? ರೇಟ್ ಹೇಗೆ ಕಟ್ಟೋದು?

ಹಳೇಸ್ಪ್ಯಾನರ್

ಲಾರಿ ಈಗ ಬೇಡ. ಬರುವ ಕರೆಗಳಲ್ಲಿ ಬ್ಯಾಟರಿ ಸತ್ತಿದ್ದು, ಪಂಕ್ಚರ್, ಕೀಲಿ ಒಳಗೇ ಉಳಿದಿದ್ದು, ಪೆಟ್ರೋಲ್ ಖಾಲಿಯಾಗಿದ್ದು, ಈ ನಾಲ್ಕೇ ಮತ್ತೆ ಮತ್ತೆ ಬರ್ತವೆ. ನಾಲ್ಕಕ್ಕೂ ವ್ಯಾನ್ ಸಾಕು. ಲಾರಿ ನಿಂತಿದ್ದರೂ ಕಂತು, ಇನ್ಶೂರೆನ್ಸ್, ಟೈರ್ ಖರ್ಚು ನಿಲ್ಲಲ್ಲ. ಲಾರಿ ಇಟ್ಟಿರುವ ಒಬ್ಬರ ಜೊತೆ ಮಾತಾಡಿಕೊಂಡು ಎಳೆಯುವ ಕೆಲಸ ಅವರಿಗೆ ಕೊಡಿ, ಸಣ್ಣ ಕೆಲಸ ಅವರಿಂದ ನೀವು ತಗೊಳ್ಳಿ.

ಮುಂದೆ ಎಂದಾದರೂ ತಗೊಳ್ಳೋದಾದರೆ ಮುಂದಿನ ಎರಡು ಚಕ್ರ ಎತ್ತಿ ಎಳೆಯುವ ಹಳೇ ಮಾದರಿ ಬೇಡ, ಇಡೀ ಗಾಡಿಯನ್ನೇ ಮೇಲೆ ಹತ್ತಿಸಿಕೊಳ್ಳುವ ಫ್ಲಾಟ್‌ಬೆಡ್ ತಗೊಳ್ಳಿ. ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಗಾಡಿಯ ಎರಡು ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಮುಂದಿನ-ಹಿಂದಿನ ಚಕ್ರಗಳನ್ನು ಜೋಡಿಸುವ ಸೆಂಟರ್ ಕ್ಲಚ್ ಸುಡುತ್ತೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇಂಜಿನ್ ತಿರುಗದೆ ಆಯಿಲ್ ಪಂಪ್ ತಿರುಗಲ್ಲ, ಡ್ರೈವ್ ಚಕ್ರ ಉರುಳಿದರೆ ಒಳಗಿನ ಭಾಗ ಎಣ್ಣೆಯಿಲ್ಲದೆ ಉಜ್ಜುತ್ತೆ. ಎಲೆಕ್ಟ್ರಿಕ್ ಗಾಡಿಯ ಚಕ್ರ ಉರುಳಿದರೆ ಮೋಟರೇ ಜನರೇಟರ್ ಆಗಿ ಕರೆಂಟ್ ಹುಟ್ಟಿಸುತ್ತೆ, ಬಿಸಿಯಾಗುತ್ತೆ. ಒಂದು ಗೇರ್‌ಬಾಕ್ಸ್ ಹಾಳಾದರೆ ಎಷ್ಟೋ ತಿಂಗಳ ದುಡಿಮೆ ಹೋಯ್ತು ಅಂತಲೇ ಲೆಕ್ಕ.

ಇನ್ಶೂರೆನ್ಸ್ ವಿಷಯ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಸ್ವಂತ ಬಳಕೆಗೆ ಮಾಡಿಸಿದ ಪಾಲಿಸಿ ವ್ಯಾಪಾರಕ್ಕೆ ಓಡಿಸುವಾಗ ಕೈಕೊಡಬಹುದು. ನಿಮ್ಮ ವ್ಯಾನಿನದು ಒಂದು, ನಿಮ್ಮ ಕೈಯಲ್ಲಿರುವಾಗ ಗಿರಾಕಿ ಗಾಡಿಗೆ ಆಗುವ ಹಾನಿಯದು ಇನ್ನೊಂದು, ಮೂರನೆಯವರಿಗೆ ಏಟಾದರೆ ಕೊಡುವುದು ಮತ್ತೊಂದು. ಈ ಮೂರೂ ಇದೆಯಾ ಅಂತ ಏಜೆಂಟ್ ಹತ್ತಿರ ಬರಹದಲ್ಲಿ ಕೇಳಿ.

ವೋಲ್ಟ್‌ಮೀಟರ್

ಬ್ಯಾಟರಿ ಬಗ್ಗೆ ಸ್ವಲ್ಪ ಉದ್ದ ಬರೀತೀನಿ. ಈ ಬಿಸಿನೆಸ್‌ನಲ್ಲಿ ಕಾಸು ಇರೋದೂ ಅಲ್ಲೇ, ಎಡವಟ್ಟಾಗೋದೂ ಅಲ್ಲೇ.

ಹೋದ ತಕ್ಷಣ ಕೇಬಲ್ ಹಾಕಬೇಡಿ, ಮೊದಲು ಮೀಟರ್ ಹಿಡಿಯಿರಿ. ಕೆಲವು ಗಂಟೆ ಸುಮ್ಮನೆ ನಿಂತಿದ್ದ 12 ವೋಲ್ಟ್ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 11.9ಕ್ಕಿಂತ ಕೆಳಗೆ ಅಂದರೆ ಖಾಲಿ. 12.5 ಇದ್ದೂ ಸೆಲ್ಫ್ ಹೊಡೆದಾಗ ಕಟ್ ಅಂದು ಸುಮ್ಮನಾದರೆ ಟರ್ಮಿನಲ್ ನೋಡಿ. ಕೈಯಲ್ಲಿ ಹಿಡಿದು ತಿರುಚಿದರೆ ಅಲ್ಲಾಡುತ್ತಾ? ಬಿಳಿ-ಹಸಿರು ಪುಡಿ ಕೂತಿದೆಯಾ? ಗ್ಯಾರಂಟಿ ಬೇಕಂದರೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಸೀಸದ ಕಂಬದ ನಡುನೆತ್ತಿಗೆ, ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ಕ್ಲ್ಯಾಂಪಿಗೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. ಎರಡೂ ಒಂದಕ್ಕೊಂದು ಮುಟ್ಟಿಕೊಂಡೇ ಇರೋದರಿಂದ ಸೊನ್ನೆ ಹತ್ತಿರ ಬರಬೇಕು. ಅರ್ಧ ವೋಲ್ಟ್ ಬಂತು ಅಂದರೆ ಆ ಕೂದಲೆಳೆಯಷ್ಟು ಸಂದಿಯಲ್ಲೇ ಕರೆಂಟ್ ಸಾಯ್ತಿದೆ. ಕಳಚಿ, ತಂತಿ ಬ್ರಶ್ಶಿನಲ್ಲಿ ಉಜ್ಜಿ, ಬಿಗಿ ಮಾಡಿದರೆ ಕೆಲಸ ಮುಗೀತು. ಹೊಸ ಬ್ಯಾಟರಿ ಮಾರಿದ್ದರೂ ಅದೇ ಕ್ಲ್ಯಾಂಪ್ ಮರುದಿನ ಮತ್ತೆ ಕರೆಸುತ್ತಿತ್ತು.

ಜಂಪ್ ಕೇಬಲ್ ತಗೊಳ್ಳುವಾಗ ಮೇಲಿನ ರಬ್ಬರ್ ದಪ್ಪ ನೋಡಿ ಮೋಸಹೋಗಬೇಡಿ, ಒಳಗಿನ ತಾಮ್ರ ಎಷ್ಟು ಅಂತ ಕೇಳಿ. ಲೆಕ್ಕ ಸುಲಭ. 3 ಮೀಟರ್ ಕೇಬಲ್, ಹೋಗಿ ಬರೋದು ಸೇರಿ 6 ಮೀಟರ್. 10 ಚದರ ಮಿಲಿಮೀಟರ್ ತಾಮ್ರದಲ್ಲಿ 200 ಆಂಪಿಯರ್ ಹರಿದರೆ ದಾರಿಯಲ್ಲೇ 2 ವೋಲ್ಟ್ ಚಿಲ್ಲರೆ ಹೋಗುತ್ತೆ, 35 ಚದರ ಮಿಲಿಮೀಟರ್ ಆದರೆ 0.6 ವೋಲ್ಟ್ ಮಾತ್ರ. ಪೆಟ್ರೋಲ್ ಕಾರಿಗೆ 25 ಸಾಕು, ಡೀಸೆಲ್‌ಗೆ 35 ಇಟ್ಟುಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್ ಬಿಸಿಯಾಗಿ ಕೈ ಸುಡುತ್ತೆ ಅಷ್ಟೇ.

ಹಾಕುವ ಕ್ರಮ: ಸತ್ತ ಬ್ಯಾಟರಿಯ ಪ್ಲಸ್, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್, ಆಮೇಲೆ ಒಳ್ಳೇದರ ಮೈನಸ್, ಕೊನೆಗೆ ಕೆಟ್ಟ ಗಾಡಿಯ ಇಂಜಿನ್ ಲೋಹಕ್ಕೆ ಅರ್ತ್. ಕೊನೇ ಕ್ಲಿಪ್ ಹಾಕುವಾಗ ಕಿಡಿ ಬರೋದು ಸಹಜ. ಬ್ಯಾಟರಿಯಿಂದ ಹೈಡ್ರೋಜನ್ ಬಿಡುಗಡೆಯಾಗುತ್ತೆ, ಆ ಕಿಡಿ ಅದರ ಹತ್ತಿರ ಬೇಡ ಅಂತಲೇ ದೂರದ ಲೋಹ. ತೆಗೆಯುವಾಗ ಇದೇ ಕ್ರಮ ಹಿಂದಿನಿಂದ. ಪ್ಲಸ್ ಮೈನಸ್ ಅದಲುಬದಲಾದರೆ ಮೇನ್ ಫ್ಯೂಸ್ ಹೋಗುತ್ತೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಹೋಗುತ್ತೆ, ಅದೃಷ್ಟ ಕೆಟ್ಟರೆ ಕಂಪ್ಯೂಟರೂ ಹೋಗುತ್ತೆ. ಕೇಬಲ್ ಬಣ್ಣ ನಂಬಬೇಡಿ, ಬ್ಯಾಟರಿ ಮೇಲಿನ ಗುರುತು ಓದಿ. ರಾತ್ರಿ ಹೊತ್ತು ಧೂಳು ಒರೆಸಿ ಓದಿ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ನೀರು ಹೆಪ್ಪುಗಟ್ಟಿದ್ದರೆ ಜಂಪ್ ಕೊಡಲೇಬೇಡಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನ ಸಣ್ಣ 12 ವೋಲ್ಟ್ ಬ್ಯಾಟರಿಗೆ ಜಂಪ್ ಕೊಡಬಹುದು, ಆದರೆ ಆ ಕಾರಿನಿಂದ ಬೇರೆ ಗಾಡಿಗೆ ಕೊಡುವುದನ್ನು ಹಲವು ಕಂಪನಿಗಳು ಬೇಡ ಅಂದಿವೆ. ಕಿತ್ತಳೆ ಬಣ್ಣದ ವೈರ್ ಕಂಡರೆ ಕೈ ಹಿಂದಕ್ಕೆ, ಅದು ಹೈ ವೋಲ್ಟೇಜಿನದು.

ಸ್ಟಾರ್ಟ್ ಆಯ್ತು ಅಂತ ದುಡ್ಡು ತಗೊಂಡು ಹೊರಡೋದು ದೊಡ್ಡ ತಪ್ಪು. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.5 ಇರಬೇಕು. ಹೊಸ ಕಾರುಗಳಲ್ಲಿ ಚಾರ್ಜಿಂಗನ್ನು ಕಂಪ್ಯೂಟರ್ ತಗ್ಗಿಸುತ್ತೆ, ಅದಕ್ಕೆ ಹೆಡ್‌ಲೈಟ್, ಬ್ಲೋವರ್ ಹಾಕಿ ನೋಡಿ. ಆಗಲೂ 12.3ರಲ್ಲೇ ನಿಂತು ಇಳೀತಾ ಇದ್ದರೆ ಆಲ್ಟರ್ನೇಟರ್ ಅಥವಾ ಬೆಲ್ಟ್ ಹೋಗಿದೆ. ಆ ಗಾಡಿ ಸ್ವಲ್ಪ ದೂರದಲ್ಲೇ ಮತ್ತೆ ನಿಲ್ಲುತ್ತೆ, ಬೈಗುಳ ನಿಮಗೆ.

ಸ್ಥಳದಲ್ಲೇ ಹಾಕಿಕೊಡಲು ಹೆಚ್ಚು ಓಡುವ ನಾಲ್ಕೈದು ಅಳತೆ ಸಾಕು. ಸುಮ್ಮನೆ ಕೂತರೂ ಬ್ಯಾಟರಿ ತಾನಾಗಿ ಇಳಿಯುತ್ತೆ, 12.4 ಮುಟ್ಟುವ ಮೊದಲು ಚಾರ್ಜರ್‌ಗೆ ಹಾಕಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಆನ್ ಆಗುವ ಕಾರಿಗೆ ಮಾಮೂಲಿ ಬ್ಯಾಟರಿ ಹಾಕಬೇಡಿ. ಅಂಥ ಕಾರಿಗೆಂದೇ ಬರುವ ಗಟ್ಟಿ ಜಾತಿಯ ಬ್ಯಾಟರಿ ಎಜಿಎಂ ಮತ್ತು ಇಎಫ್‌ಬಿ, ಇವೆರಡರಲ್ಲಿ ಮೊದಲು ಯಾವುದಿತ್ತೋ ಅದೇ ಬೇಕು, ಇಲ್ಲಾಂದರೆ ಬೇಗ ಸಾಯುತ್ತೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೈನಸ್ ಇದ್ದಂತೆಯೇ ಪ್ಲಸ್ ನಟ್ಟು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅದು ಅಲ್ಲೇ ವೆಲ್ಡ್ ಆಗಿ ಕೂರುತ್ತೆ.

ತ್ರಿಕೋನ

ಮೇಲಿನವರು ಗಾಡಿ ಬಗ್ಗೆ ಹೇಳಿದರು. ಅದಕ್ಕಿಂತ ಮೊದಲು ನಿಮ್ಮ ಜೀವ.

100 ಕಿಲೋಮೀಟರ್ ವೇಗದಲ್ಲಿ ಬರುವ ಗಾಡಿ 100 ಮೀಟರನ್ನು 3.6 ಸೆಕೆಂಡಿನಲ್ಲಿ ದಾಟುತ್ತೆ. ಕುಕ್ಕರುಗಾಲಲ್ಲಿ ಕೂತು ನಟ್ಟು ತಿರುಗಿಸುತ್ತಿರುವವರು ತಲೆ ಎತ್ತುವಷ್ಟರಲ್ಲಿ ಮುಗಿದಿರುತ್ತೆ. ವೇಗದ ರಸ್ತೆಯಲ್ಲಿ ಎಚ್ಚರಿಕೆ ತ್ರಿಕೋನ ಗಾಡಿಯ ಹಿಂದೆ 100 ಮೀಟರಿಗೂ ದೂರ ಇರಲಿ, ತಿರುವಿದ್ದರೆ ತಿರುವಿಗೂ ಮೊದಲು. ವ್ಯಾನನ್ನು ಕೆಟ್ಟ ಗಾಡಿಯ ಹಿಂದೆ 10-15 ಮೀಟರ್ ಬಿಟ್ಟು ನಿಲ್ಲಿಸಿ, ಮುಂದಿನ ಚಕ್ರ ರಸ್ತೆಯಿಂದ ಆಚೆಗೆ ತಿರುಗಿರಲಿ. ಹಿಂದಿನಿಂದ ಯಾರಾದರೂ ಗುದ್ದಿದರೂ ವ್ಯಾನ್ ನಿಮ್ಮ ಮೇಲೆ ಬರಬಾರದು. ಎರಡು ಗಾಡಿಗಳ ನಡುವೆ ನಿಲ್ಲಲೇಬೇಡಿ. ಗಾಡಿಯಲ್ಲಿದ್ದವರನ್ನು ಸಂಚಾರ ಇಲ್ಲದ ಬಾಗಿಲಿಂದ ಇಳಿಸಿ ತಡೆಗೋಡೆ ಆಚೆ ಕಳಿಸಿ. ಸಂಚಾರದ ಕಡೆಯ ಚಕ್ರ ಪಂಕ್ಚರ್ ಆಗಿ ಜಾಗ ಇಕ್ಕಟ್ಟಾಗಿದ್ದರೆ ಅಲ್ಲಿ ಬದಲಿಸಬೇಡಿ, ರಿಮ್ ಹಾಳಾದರೂ ಸರಿ, ನಿಧಾನಕ್ಕೆ ಅಗಲವಾದ ಜಾಗಕ್ಕೆ ಸರಿಸಿ.

ಟೈರ್ ಕೆಲಸಕ್ಕೆ: 2-3 ಟನ್ನಿನ ಟ್ರಾಲಿ ಜಾಕಿ, ಕೂತ ಕಾರಿನ ಕೆಳಗೂ ನುಗ್ಗುವ ಗಿಡ್ಡ ಜಾತಿಯದು. ಅದರ ಕೆಳಗೆ ಹಾಕಲು ಒಂದಡಿ ಚೌಕದ ದಪ್ಪ ಪ್ಲೈವುಡ್, ಇಲ್ಲದಿದ್ದರೆ ಮಣ್ಣಲ್ಲಿ ಗಾಡಿ ಏರುವ ಬದಲು ಜಾಕಿ ಇಳಿಯುತ್ತೆ. ಚಕ್ರಕ್ಕೆ ಅಡ್ಡ ಕೊಡುವ ಗುಟ್ಟಗಳು, 17, 19, 21 ಸಾಕೆಟ್, ಟಾರ್ಕ್ ರೆಂಚ್. ನಟ್ಟು ಸಡಿಲಿಸುವುದು ಚಕ್ರ ನೆಲದಲ್ಲಿರುವಾಗಲೇ. ಕೂರಿಸಿದ ಮೇಲೆ ಎದುರುಬದುರು ನಟ್ಟು ಬಿಗಿಯುತ್ತಾ ಬನ್ನಿ. ಸಾಮಾನ್ಯ ಕಾರುಗಳಿಗೆ 90ರಿಂದ 130 ನ್ಯೂಟನ್ ಮೀಟರ್ ಒಳಗೆ ಬರುತ್ತೆ, ಸರಿಯಾದ ಅಂಕಿ ಕಾರಿನ ಪುಸ್ತಕದಲ್ಲಿರುತ್ತೆ. ಪೈಪ್ ಸಿಕ್ಕಿಸಿ ಹತ್ತಿ ನಿಂತರೆ ಬೋಲ್ಟ್ ಎಳೆದುಕೊಳ್ಳುತ್ತೆ. 50-100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿಸಿ ಅಂತ ರಸೀದಿಯಲ್ಲೇ ಬರೆದುಕೊಡಿ.

ತೆಳು ಸ್ಟೆಪ್ನಿ ಇದ್ದರೆ ಗಾಳಿ ನೋಡದೆ ಹಾಕಬೇಡಿ. ಹೆಚ್ಚಿನವಕ್ಕೆ 60 ಪಿಎಸ್‌ಐ ಬೇಕು, ಗರಿಷ್ಠ ವೇಗ 80 ಅಂತ ಅದರ ಮೇಲೆಯೇ ಬರೆದಿರುತ್ತೆ. ಪಂಕ್ಚರ್ ಕಡ್ಡಿ ನೆಲಕ್ಕೆ ತಾಗುವ ಭಾಗದ ತೂತಿಗೆ ಮಾತ್ರ, ಅದೂ 6 ಮಿಲಿಮೀಟರ್ ಒಳಗಿದ್ದರೆ. ಪಕ್ಕದ ಗೋಡೆ ಹರಿದಿದ್ದರೆ ಗಿರಾಕಿ ಎಷ್ಟೇ ಗೋಗರೆದರೂ ಹಾಕಬೇಡಿ. ಏರ್ ಪಂಪ್ ಬ್ಯಾಟರಿಗೆ ನೇರ ಕ್ಲಿಪ್ ಹಾಕುವಂಥದು ತಗೊಳ್ಳಿ, ಸಿಗರೇಟ್ ಸಾಕೆಟ್ಟಿಗೆ ದೊಡ್ಡ ಪಂಪ್ ಹಾಕಿದರೆ ಫ್ಯೂಸ್ ಹಾರುತ್ತೆ.

ಗೇರ್‌ಎಣ್ಣೆ

ಲಾರಿ ಆಸೆ ಬಿಟ್ಟೆ. ಲಾಕ್ ಆದ ಕಾರಿಗೆ ಏನು ಮಾಡೋದು? ಇನ್ಶೂರೆನ್ಸ್ ಕಂಪನಿಗಳ ಗುತ್ತಿಗೆ ಹಿಡಿಯಬಹುದಾ? ರೇಟ್ ಮತ್ತು 24 ಗಂಟೆ ಬಗ್ಗೆ ಯಾರೂ ಹೇಳಲಿಲ್ಲ.

ಹಳೇಸ್ಪ್ಯಾನರ್

ಲಾಕ್ ಕರೆ ಬಂದಾಗ ಮೊದಲು ಕೇಳಬೇಕಾದ್ದು, ಕೀಲಿ ಒಳಗಿದೆಯೋ ಅಥವಾ ಕೈಯಲ್ಲಿದ್ದೂ ಕೆಲಸ ಮಾಡ್ತಿಲ್ಲವೋ ಅಂತ. ಎರಡನೆಯದಾದರೆ ರಿಮೋಟಿನ ಸೆಲ್ ಮುಗಿದಿರುತ್ತೆ. ಎಷ್ಟೋ ರಿಮೋಟಿನೊಳಗೆ ಲೋಹದ ಸಣ್ಣ ಕೀಲಿ ಅಡಗಿರುತ್ತೆ, ಅದರಿಂದ ಬಾಗಿಲು ತೆಗೆದು, ರಿಮೋಟನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಒತ್ತಿದರೆ ಹೆಚ್ಚಿನ ಕಾರು ಸ್ಟಾರ್ಟ್ ಆಗುತ್ತೆ. ಸಿಆರ್2032 ಸೆಲ್ ಹತ್ತು ಇಟ್ಟುಕೊಂಡಿರಿ.

ಒಳಗೇ ಉಳಿದಿದ್ದರೆ ಗಾಳಿ ತುಂಬುವ ಚೀಲ ಮತ್ತು ಉದ್ದನೆ ಕೊಕ್ಕೆ. ಬಾಗಿಲಿನ ಮೇಲಿನ ಮೂಲೆಯಲ್ಲಿ ಪೇಂಟಿಗೆ ಟೇಪ್ ಹಚ್ಚಿ, ಕೊಕ್ಕೆ ತೂರುವಷ್ಟೇ ಗಾಳಿ ತುಂಬಿ. ಜಾಸ್ತಿ ತುಂಬಿದರೆ ಬಾಗಿಲಿನ ಚೌಕಟ್ಟು ಬಾಗಿ ಆಮೇಲೆ ಮಳೆ ನೀರು, ಗಾಳಿ ಶಬ್ದ. ಗಾಜಿನ ಸಂದಿಯಲ್ಲಿ ತಗಡು ಪಟ್ಟಿ ಇಳಿಸುವ ಹಳೇ ವಿದ್ಯೆ ಮರೆತುಬಿಡಿ, ಈಗ ಬಾಗಿಲೊಳಗೆ ವೈರು, ಏರ್‌ಬ್ಯಾಗ್ ಸೆನ್ಸರ್ ಇರುತ್ತೆ. ತೆಗೆದ ಕೂಡಲೇ ಗಾಡಿ ಕಾಗದ ಮತ್ತು ಗುರುತು ಚೀಟಿ ನೋಡಿ ಫೋಟೋ ಹಿಡಿಯಿರಿ, ಕದ್ದ ಗಾಡಿ ತೆಗೆದುಕೊಟ್ಟ ಪಾಲು ನಿಮಗೆ ಬೇಡ. ಮಗು ಒಳಗಿದೆ ಅಂದರೆ ತುರ್ತು ಸೇವೆಗೆ ಕರೆ ಮಾಡಲು ಹೇಳಿ, ಬಿಸಿಲಿದ್ದರೆ ನಿಮಗಾಗಿ ಕಾಯದೆ ಮಗುವಿನಿಂದ ದೂರದ ಪಕ್ಕದ ಗಾಜು ಒಡೆಸಿ.

ಲೆಕ್ಕದಪುಸ್ತಕ

ರೇಟ್ ಕಟ್ಟುವಾಗ ಎಲ್ಲರೂ ಮರೆಯೋದು ಖಾಲಿ ಓಟ. 18 ಕಿಲೋಮೀಟರ್ ದೂರದ ಕೆಲಸ ಅಂದರೆ 36 ಕಿಲೋಮೀಟರ್. 40ರ ಸರಾಸರಿಯಲ್ಲಿ ಸುಮಾರು 55 ನಿಮಿಷ ರಸ್ತೆ ಮೇಲೆ, ಕೆಲಸ 25 ನಿಮಿಷ, ಒಟ್ಟು 1 ಗಂಟೆ 20 ನಿಮಿಷ. ಅಂದಮೇಲೆ 10 ಗಂಟೆ ಪಾಳಿಯಲ್ಲಿ ಏಳಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ, ಕರೆಗಳು ಒಂದರ ಹಿಂದೆ ಒಂದು ಕ್ಯೂನಲ್ಲಿ ಬರೋದೂ ಇಲ್ಲ. ತಿಂಗಳ ಸ್ಥಿರ ಖರ್ಚನ್ನು, ನಿಮ್ಮ ಸಂಬಳವನ್ನೂ ಸೇರಿಸಿ, 60 ಕೆಲಸಕ್ಕೆ ಭಾಗಿಸಿ ನೋಡಿ, ಆಮೇಲೆ 120ಕ್ಕೆ. 60ರಲ್ಲೂ ಉಸಿರಾಡುವ ಹಾಗೆ ರೇಟ್ ಇಡಿ. ಹೋಗುವ ಶುಲ್ಕ ಒಂದು, ಇಷ್ಟು ದೂರ ದಾಟಿದರೆ ಕಿಲೋಮೀಟರಿಗೆ ಇಷ್ಟು, ಸಾಮಾನು ಬೇರೆ. ನೀವು ತಲುಪುವಷ್ಟರಲ್ಲಿ ಗಿರಾಕಿ ಬೇರೆಯವರ ಕೈಲಿ ಸರಿಮಾಡಿಸಿಕೊಂಡು ಹೊರಟಿರೋದು ಮಾಮೂಲು. ಹೊರಡುವ ಮೊದಲೇ ಹೋಗುವ ಶುಲ್ಕ ಆನ್‌ಲೈನಿನಲ್ಲಿ ತಗೊಳ್ಳಿ.

ಗುತ್ತಿಗೆ ಕೆಲಸದಲ್ಲಿ ಕರೆ ಹೆಚ್ಚು, ರೇಟ್ ಕಡಿಮೆ, ದುಡ್ಡು ತಡ. ಹಾಕೋ ಡೀಸೆಲ್‌ಗೆ ಮಾತ್ರ ಅಂದೇ ಕಾಸು ಬೇಕು. ಎರಡು ತಿಂಗಳು ಬಿಲ್ ಬರದಿದ್ದರೂ ನಡೆಸುವ ಶಕ್ತಿ ಇದ್ದರೆ ಹಿಡಿಯಿರಿ, ಒಂದೇ ಕಂಪನಿ ಮೇಲೆ ಅರ್ಧಕ್ಕಿಂತ ಹೆಚ್ಚು ಆದಾಯ ನಿಲ್ಲದಂತೆ ನೋಡಿಕೊಳ್ಳಿ. ಒಪ್ಪಂದದಲ್ಲಿ ದೂರವನ್ನು ನಿಮ್ಮ ಶೆಡ್ಡಿನಿಂದ ಎಣಿಸ್ತಾರಾ, ಗಾಡಿ ಕೆಟ್ಟ ಜಾಗದಿಂದ ಎಣಿಸ್ತಾರಾ ಅನ್ನೋ ಸಾಲು ಹುಡುಕಿ ಓದಿ.

ಇಬ್ಬರಿಂದ 24 ಗಂಟೆ ಆಗಲ್ಲ. ವಾರಕ್ಕೆ 168 ಗಂಟೆ, ತಲೆಗೆ 84. ನಿದ್ದೆಗಣ್ಣಲ್ಲೇ ಪ್ಲಸ್ ಮೈನಸ್ ಅದಲುಬದಲಾಗೋದು. ಬೆಳಿಗ್ಗೆ 6ರಿಂದ ರಾತ್ರಿ 10 ಅಂತ ಬರೆದು ಅದನ್ನೇ ಸರಿಯಾಗಿ ನಡೆಸಿ.

ತ್ರಿಕೋನ

ಇನ್ನೊಂದು. ಫೋನ್ ಹತ್ತಿರ ಒಂದು ಹಾಳೆ ಅಂಟಿಸಿ, ಕರೆ ತಗೊಂಡವರು ಅದನ್ನು ಓದಿಯೇ ಕೇಳಲಿ: ನೀವು ಸುರಕ್ಷಿತ ಜಾಗದಲ್ಲಿದ್ದೀರಾ, ಎಷ್ಟು ಜನ, ಲೊಕೇಶನ್ ಕಳಿಸಿ, ಯಾವ ದಿಕ್ಕಿಗೆ ಹೋಗ್ತಿದ್ರಿ, ಯಾವ ಮಾಡೆಲ್, ಪೆಟ್ರೋಲೋ ಡೀಸೆಲ್ಲೋ, ಗೇರ್ ಆಟೋಮ್ಯಾಟಿಕ್ಕಾ, ಸ್ಟೆಪ್ನಿ ಇದೆಯಾ, ವೀಲ್ ಲಾಕ್ ನಟ್ಟಿನ ಕೀ ಎಲ್ಲಿದೆ, ನೆಲಮಾಳಿಗೆಯಲ್ಲಿದ್ದರೆ ಎತ್ತರ ಎಷ್ಟು. ದಿಕ್ಕು ಕೇಳದೆ ಹೊರಟರೆ ನಡುವಿನ ಡಿವೈಡರ್ ಆಚೆ ಗಾಡಿ ಕಾಣುತ್ತೆ, ಯೂ ಟರ್ನ್ ಇನ್ನೂ ಏಳು ಕಿಲೋಮೀಟರ್ ಮುಂದೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿಕೊಂಡಿದ್ದೀವಿ ಅಂದರೆ ಕೀಲಿ ಆನ್ ಕೂಡ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಪಂಪ್ ತಿರುಗಿ ಪೆಟ್ರೋಲ್ ಲೈನಿಗೆ ಹೋದರೆ ಹೈ ಪ್ರೆಶರ್ ಪಂಪ್ ಜಿಡ್ಡಿಲ್ಲದೆ ಸವೆದು ಲೋಹದ ಪುಡಿ ಇಂಜೆಕ್ಟರ್‌ವರೆಗೂ ಹೋಗುತ್ತೆ.

ತಲುಪಿದ ಮೇಲೆ ಉಪಕರಣ ಇಳಿಸುವ ಮೊದಲು ಗಾಡಿಯ ನಾಲ್ಕೂ ಮೂಲೆ, ಚಕ್ರಗಳು, ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿರುವ ಲೈಟುಗಳ ಫೋಟೋ ತೆಗೆಯಿರಿ. ಆ ಗೀರು ನಿಮ್ಮದಲ್ಲ ಅಂತ ಆಮೇಲೆ ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ.

ಗೇರ್‌ಎಣ್ಣೆ

ಹಾಳೆ ಇವತ್ತೇ ಬರೆದು ಅಂಟಿಸ್ತೀನಿ. ಕೇಬಲ್ 35ರದ್ದೇ ಹುಡುಕ್ತಿದ್ದೇನೆ, 3 ಮೀಟರ್ ಸಾಕಾ 4 ಬೇಕಾ?

ವೋಲ್ಟ್‌ಮೀಟರ್

4 ತಗೊಳ್ಳಿ. ಗೋಡೆಗೆ ಮೂತಿ ಇಟ್ಟು ನಿಲ್ಲಿಸಿದ ಕಾರಿಗೆ 3 ಮುಟ್ಟಲ್ಲ. ನಷ್ಟ 0.8 ವೋಲ್ಟ್ ಆಗುತ್ತೆ, ನಡೆಯುತ್ತೆ.