ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಕುಡಿಯುತ್ತಿದೆ, ಎಂಜಿನ್ ಬಿಚ್ಚಿಸಲಾ?

2006ರ ಪೆಟ್ರೋಲ್ ಕಾರು, 1.4 ಲಕ್ಷ ಕಿ.ಮೀ. ಓಡಿದೆ. ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬಿದ್ದಿಲ್ಲ, ಆದರೂ ಡಿಪ್‌ಸ್ಟಿಕ್ ಒಣಗುತ್ತೆ. ಮೆಕ್ಯಾನಿಕ್ "ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಬೋರ್ ಮಾಡಿಸಿ" ಅಂತಿದ್ದಾರೆ, ಅಂದ್ರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ, ಸಿಲಿಂಡರ್ ಒಳಗೋಡೆ ಕೊರೆಸಬೇಕು ಅಂತ. ಅನುಭವ ಇದ್ದವರು ಹೇಳಿ.

* * *

ನನಗೂ ಇದೇ ತೀರ್ಪು ಕೊಟ್ಟಿದ್ದರು ಸಾರ್. ಬಿಚ್ಚಿಸೋ ಮೊದಲು ಹೊಗೆ ಯಾವಾಗ ಬರುತ್ತೆ ಅಂತ ನೋಡಿ. ಕೊಟ್ಟಿಗೆಹಾರದಿಂದ ಎರಡನೇ ಗೇರಿನಲ್ಲೇ ಚಾರ್ಮಾಡಿ ಘಾಟಿ ಇಳಿದು, ಕೆಳಗೆ ನೇರ ರಸ್ತೆ ಸಿಕ್ಕ ಕೂಡಲೇ ಆಕ್ಸಿಲರೇಟರ್ ಒತ್ತಿದ್ದೆ. ಹಿಂದೆ ಬೈಕಿನಲ್ಲಿ ಬರ್ತಿದ್ದ ಭಾವಮೈದ ಉಜಿರೆಯಲ್ಲಿ ಸಿಕ್ಕಿ, "ಏನ್ ಭಾವ, ಸೊಳ್ಳೆಗೆ ಹೊಗೆ ಹಾಕ್ಕೊಂಡು ಬಂದ್ರಾ?" ಅಂದ. ಅದೇ ಸುಳಿವು. ಇಳಿಜಾರಿನಲ್ಲಿ ಕಾಲು ತೆಗೆದಾಗ ಥ್ರಾಟಲ್ ಮುಚ್ಚಿರುತ್ತೆ, ಗಾಳಿ ಒಳಗೆ ಹೋಗೋ ಇನ್‌ಟೇಕ್ ಕಡೆ ಎಳೆತ ಜೋರು. ಬಿಸಿಗೆ ಬೆಂದು ಗಟ್ಟಿಯಾದ ವಾಲ್ವ್ ಸೀಲಿನ (ವಾಲ್ವ್ ಕಡ್ಡಿಗೆ ಹಾಕೋ ರಬ್ಬರ್ ಸೀಲ್) ಸಂದಿಯಿಂದ ಆಯಿಲ್ ಒಳಗೆ ಜಾರುತ್ತೆ, ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಉರಿದು ಹೊಗೆಯಾಗುತ್ತೆ. ಬೆಳಗಿನ ಮೊದಲ ಸ್ಟಾರ್ಟಿಗೆ ಒಂದಿಷ್ಟು ನೀಲಿ ಹೊಗೆ ಬಂದು ನಿಂತರೂ ಅನುಮಾನ ಸೀಲಿನ ಮೇಲೇ. ರಿಂಗ್ ಸವೆದಿದ್ದರೆ ಏರು ಹತ್ತುವಾಗ, ಲೋಡ್ ಬಿದ್ದಾಗಲೆಲ್ಲ ಬಿಡದೆ ಬರುತ್ತೆ.

ಆಮೇಲೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜ್ ಹಾಕಿಸಿ. ಒಂದು ಸಿಲಿಂಡರ್ ಕಮ್ಮಿ ತೋರಿಸಿದರೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗೋ ಬೋರೋ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ನನ್ನದು ನಾಲ್ಕೂ 160 ಪಿಎಸ್‌ಐ ಆಸುಪಾಸು ಇತ್ತು. ಎಂಜಿನ್ ಮೇಲ್ಭಾಗದ ಹೆಡ್ ಕೂಡ ಇಳಿಸಲಿಲ್ಲ: ಪ್ಲಗ್ ತೂತಿನಿಂದ ಗಾಳಿ ತುಂಬಿ, ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಒಂದೊಂದಾಗಿ ಸೀಲ್ ಬದಲಿಸಿದರು.

* * *

ಅದಕ್ಕೂ ಮುಂಚೆ ಪಿಸಿವಿ ವಾಲ್ವ್ (ಎಂಜಿನ್ ಒಳಗೆ ಸೇರೋ ಆವಿಯನ್ನು ಇನ್‌ಟೇಕಿಗೆ ಬಿಡೋ ವಾಲ್ವ್) ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಟಕಟಕ ಅನ್ನದಿದ್ದರೆ ಸಿಕ್ಕಿಹಾಕಿಕೊಂಡಿದೆ ಅಂತ. ನನ್ನ ಗಾಡಿಯಲ್ಲಿ ಏರ್ ಫಿಲ್ಟರ್ ಡಬ್ಬಿ ಒಳಗೆಲ್ಲ ಆಯಿಲ್ ಪಸೆ. ಮುಗಿದದ್ದು ಪುಡಿಗಾಸಿನಲ್ಲಿ.

* * *

ಮೊದಲನೆಯವರ ಮಾತಿಗೆ ಒಂದು ತಕರಾರು. ಕಂಪ್ರೆಷನ್ ಸರಿ ಇದ್ದ ಮಾತ್ರಕ್ಕೆ ರಿಂಗಿಗೆ ಬಿಡುಗಡೆ ಇಲ್ಲ. ನಾನು ಗೇಜ್ ನಂಬಿ ಸೀಲ್ ಹಾಕಿಸಿದೆ, ಆಯಿಲ್ ಇಳಿಯೋದು ನಿಲ್ಲಲಿಲ್ಲ. ಪಿಸ್ಟನ್ ಹೊರಗೆ ತೆಗೆದಾಗ ಒತ್ತಡ ಹಿಡಿಯೋ ಮೇಲಿನ ಎರಡು ರಿಂಗೂ ಚೆನ್ನಾಗಿವೆ, ಕೆಳಗಿನ ಆಯಿಲ್ ರಿಂಗ್ ಮಾತ್ರ ಕಿಟ್ಟ ಹಿಡಿದು ಪಿಸ್ಟನ್ನಿನ ಕಚ್ಚಿನಲ್ಲೇ ಅಂಟಿಕೊಂಡಿದೆ, ಆಯಿಲ್ ವಾಪಸ್ ಹೋಗೋ ತೂತುಗಳೆಲ್ಲ ಕಟ್ಟಿವೆ. ಹಿಂದಿನ ಓನರ್ ಆಯಿಲ್ ಬದಲಿಸದೇ ಓಡಿಸಿದ್ದರ ಫಲ. ಹೊಗೆ ಕಾಣದೇ ಇರಲೆಂದು ದಪ್ಪ 20ಡಬ್ಲ್ಯೂ-50 ಆಯಿಲ್ ಸುರಿಯೋ ಸಲಹೆ ಮಾತ್ರ ಕೇಳಬೇಡಿ, ರೋಗ ಮುಚ್ಚಿಟ್ಟ ಹಾಗೆ ಅದು.

* * *

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಗ್ಗೆ ಮಗಳನ್ನು ಹಿಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಹತ್ತು ಸೆಕೆಂಡ್ ನೀಲಿ, ಆಮೇಲೆ ಇಲ್ಲವಂತೆ. ಪಿಸಿವಿ ಟಕಟಕ ಅಂತಿದೆ. ಶನಿವಾರ ಗೇಜ್ ಹಾಕಿಸಿ ನಂಬರ್ ಹೇಳ್ತೀನಿ.